ಬಿದ್ದ ಮಗುವಿಗೆ ಮೊದಲು ಬೇಕಾದ್ದು ನೀರಲ್ಲ, ಉಸಿರು

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ತಿಂಗಳು ಶಾಲೆ ಬಿಟ್ಟ ಹೊತ್ತಿನಲ್ಲಿ ನಮ್ಮ ಎರಡನೇ ತರಗತಿಯ ಹುಡುಗನೊಬ್ಬ ಗೇಟಿನ ಹತ್ತಿರ ಬೈಕಿನಿಂದ ಬಿದ್ದದ್ದು ನಿಮಗೆ ಗೊತ್ತಿದೆ. ಈಗ ಹುಷಾರಾಗಿದ್ದಾನೆ, ತರಗತಿಗೂ ಬರುತ್ತಿದ್ದಾನೆ. ಆದರೆ ಆವತ್ತಿನ ಮೊದಲ ಎರಡು ನಿಮಿಷದ ಬಗ್ಗೆ ನಿಮ್ಮ ಹತ್ತಿರ ಮಾತಾಡಲೇಬೇಕು.

ಅವನಿಗೆ ಎಚ್ಚರ ಇರಲಿಲ್ಲ. ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಉಸಿರಾಡುವಾಗ ಗೊರಗೊರ ಸದ್ದು. ಒಬ್ಬರು ಎತ್ತಿ ಕೂರಿಸಲು ಹೋದರು, ಇನ್ನೊಬ್ಬರು ಕೆನ್ನೆ ತಟ್ಟುತ್ತಿದ್ದರು. ನಾನು ನೀರಿನ ಬಾಟಲಿ ಹಿಡಿದು ಓಡಿದೆ, ಮುಚ್ಚಳವನ್ನೂ ತೆಗೆದಿದ್ದೆ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ನರ್ಸ್ ತಾಯಿಯೊಬ್ಬರು, "ನೀರು ಬೇಡ ಮೇಡಂ, ತಲೆ ಹಿಡ್ಕೊಳ್ಳಿ" ಅಂದರು. ನಾನು ಎರಡೂ ಕೈಯಿಂದ ತಲೆ ಹಿಡಿದೆ. ಅವರು ಹೆಗಲು, ಸೊಂಟ ಹಿಡಿದರು. ತಲೆ, ಕತ್ತು, ಬೆನ್ನು ಒಟ್ಟಿಗೇ ತಿರುಗುವ ಹಾಗೆ ಪಕ್ಕಕ್ಕೆ ಹೊರಳಿಸಿದೆವು. ರಕ್ತದ ಜೊತೆ ಹಲ್ಲಿನ ಚೂರು ನೆಲಕ್ಕೆ ಬಿತ್ತು. ಗೊರಗೊರ ನಿಂತಿತು.

ಯಾರಾದರೂ ಬಿದ್ದರೆ ಮೊದಲು ನೀರು ಕುಡಿಸುವುದು ನಮ್ಮ ರೂಢಿ, ಅಲ್ವಾ? ಆದರೆ ಎಚ್ಚರ ತಪ್ಪಿದವರಿಗೆ ನುಂಗಲು ಆಗುವುದಿಲ್ಲ, ನೀರು ಸೀದಾ ಶ್ವಾಸನಾಳಕ್ಕೆ ಇಳಿಯಬಹುದು. ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಅವರ ಬಾಯಿಯ ಅಳತೆಗೆ ನಾಲಿಗೆ ದೊಡ್ಡದು, ಉಸಿರಿನ ದಾರಿ ಸಣ್ಣದು. ಎಚ್ಚರವಿಲ್ಲದೆ ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಪುಟ್ಟ ಮಕ್ಕಳ ತಲೆಯ ಹಿಂಭಾಗ ದಪ್ಪ. ಹಾಗಾಗಿ ಅಂಗಾತ ಮಲಗಿಸಿದಾಗ ಗದ್ದ ಎದೆಯ ಕಡೆ ಬಗ್ಗುತ್ತದೆ. ದಿಂಬು ಕೊಟ್ಟರೆ ಇನ್ನೂ ಬಗ್ಗುತ್ತದೆ. ಮಡಚಿದ ಟವೆಲ್ ಇಡಬೇಕಾದ್ದು ತಲೆಗಲ್ಲ, ಹೆಗಲ ಕೆಳಗೆ.

ಜೋರಾಗಿ ಅಳುವ ಮಗುವಿಗೆ ಉಸಿರಿನ ದಾರಿ ತೆರೆದಿದೆ ಅಂತ ಅರ್ಥ. ಸುಮ್ನೆ ಬಿದ್ದಿರುವ ಮಗುವಿನ ಹತ್ತಿರ ಮೊದಲು ಓಡಿ. ಕಿವಿಯ ಕೆಳಗೆ ದವಡೆಯ ಮೂಲೆಗೆ ಎರಡೂ ಕಡೆಯಿಂದ ಬೆರಳಿಟ್ಟು, ಕತ್ತು ಅಲುಗದ ಹಾಗೆ ಕೆಳದವಡೆಯನ್ನು ಮುಂದಕ್ಕೆ ತಳ್ಳಿದರೆ ನಾಲಿಗೆಯೂ ಜೊತೆಗೆ ಮುಂದೆ ಬರುತ್ತದೆ. ಬಾಯಲ್ಲಿ ಕಣ್ಣಿಗೆ ಕಾಣುವ ಚೂರು ಇದ್ದರೆ ಮಾತ್ರ ತೆಗೆಯಿರಿ. ಕಾಣದೇ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿರಲಿ. ಆಟೋದಲ್ಲಿ ತೊಡೆ ಮೇಲೆ ಹಾಕಿಕೊಂಡು, ಕತ್ತು ಜೋತಾಡುತ್ತಾ ಹೋಗುವುದನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ.

ಆಂಬುಲೆನ್ಸ್‌ನವರು ಗಂಟಲಿಗೆ ಪೈಪ್ ಹಾಕದೆ ಬರೀ ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ಕೊಡುವ ಬ್ಯಾಗ್ ಹಿಂಡುತ್ತಿದ್ದರೆ ದಯವಿಟ್ಟು ಅವರ ಮೇಲೆ ರೇಗಬೇಡಿ. ಅಮೆರಿಕದ ಲಾಸ್ ಏಂಜಲೀಸ್ ಭಾಗದಲ್ಲಿ 830 ಮಕ್ಕಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಸ್ಪತ್ರೆ ಮುಟ್ಟುವ ಮೊದಲೇ ಪೈಪ್ ಹಾಕಿದ್ದರಿಂದ ಹೆಚ್ಚು ಮಕ್ಕಳು ಉಳಿದದ್ದು ಕಂಡುಬರಲಿಲ್ಲ.

ಪೊಲೀಸ್, ಕೋರ್ಟ್ ಅಂತ ಹೆದರಿ ಯಾರೂ ದೂರ ನಿಲ್ಲಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ನೆರವಾದವರ ರಕ್ಷಣೆಗೇ ಇದೆ. ಇನ್ನೊಂದು ಮಾತು: 4 ವರ್ಷ ದಾಟಿದ ಮಕ್ಕಳಿಗೂ ಬೈಕಿನಲ್ಲಿ ಹೆಲ್ಮೆಟ್ ಕಡ್ಡಾಯ. ಆವತ್ತು ಅಪ್ಪನ ತಲೆಗೆ ಹೆಲ್ಮೆಟ್ ಇತ್ತು, ಮಗನಿಗೆ ಇರಲಿಲ್ಲ. ನಾಳೆಯಿಂದ ಗೇಟಿನಲ್ಲಿ ನಾನೇ ನಿಂತು ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇದೆಲ್ಲ ಓದಿದರೆ ಕೈಗೆ ಬರುವುದಿಲ್ಲ. ಈ ಶನಿವಾರ ಬೆಳಗ್ಗೆ 11ಕ್ಕೆ ಸಭಾಂಗಣದಲ್ಲಿ ಆ ನರ್ಸ್ ತಾಯಿಯೇ ಗೊಂಬೆ ಇಟ್ಟುಕೊಂಡು ತೋರಿಸುತ್ತಾರೆ. ಉಸಿರು ನಿಂತರೆ ಎದೆ ಒತ್ತುವುದು ಹೇಗೆ ಅನ್ನುವುದನ್ನೂ ಹೇಳಿಕೊಡುತ್ತಾರೆ. ಮಗುವನ್ನು ಕರೆದೊಯ್ಯಲು ಬರುವ ಅಜ್ಜ, ಅಜ್ಜಿ, ಆಟೋ ಅಣ್ಣ ಎಲ್ಲರೂ ಬರಲಿ. ಬರುವಾಗ ಮನೆಯಿಂದ ಒಂದು ದಪ್ಪ ಟವೆಲ್ ತನ್ನಿ.

ನಿಮ್ಮ,
ಮುಖ್ಯ ಶಿಕ್ಷಕಿ