ರಾಸ್‌ಬಾಖ್ ಗೆಲುವಿನಲ್ಲಿ ಸೈಡ್ಲಿಟ್ಸ್ ಪಾಲು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ರಾಸ್‌ಬಾಖ್ ಕದನದ ಲೇಖನ ಓದಿದೆ. 1757ರ ನವೆಂಬರ್ 5ರಂದು ಫ್ರೆಂಚರು ಮತ್ತು ಅವರ ಜರ್ಮನ್ ಮಿತ್ರರ ಎದುರು ಸಿಕ್ಕ ಆ ಗೆಲುವನ್ನು ಲೇಖಕರು ಪೂರ್ತಿಯಾಗಿ ಅಂದಿನ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ ಫ್ರೆಡರಿಕ್‌ನ ಲೆಕ್ಕಕ್ಕೆ ಬರೆದಿದ್ದಾರೆ. ಅಶ್ವದಳ ನಡೆಸಿದ ಫ್ರೀಡ್ರಿಶ್ ವಿಲ್ಹೆಲ್ಮ್ ಫಾನ್ ಸೈಡ್ಲಿಟ್ಸ್ ಹೆಸರು ಬರುವುದು ಒಂದೇ ಕಡೆ. ಅದೂ ಪೈಪನ್ನು ಗಾಳಿಗೆಸೆದು ದಾಳಿಗೆ ಸನ್ನೆ ಮಾಡಿದ ಎಂಬ ಕಥೆ ಹೇಳುವುದಕ್ಕೆ. ಇದು ಅನ್ಯಾಯ.

ಆಗ ಅವನಿಗೆ 36 ವರ್ಷ. ಅದೇ ವರ್ಷದ ಜೂನ್‌ನಲ್ಲಿ ಕೋಲಿನ್ ಕದನದಲ್ಲಿ ಆಸ್ಟ್ರಿಯನ್ನರಿಗೆ ಪ್ರಷ್ಯಾ ಸೋತಾಗ ಅವನಿನ್ನೂ ಕರ್ನಲ್. ಅಲ್ಲಿ ಹೋರಾಡಿದ ರೀತಿಗೆ ಮೇಜರ್ ಜನರಲ್ ಆದ. ರಾಸ್‌ಬಾಖ್‌ನಲ್ಲಿ ದೊರೆ ಇಬ್ಬರು ಹಿರಿಯ ಜನರಲ್‌ಗಳನ್ನು ಬಿಟ್ಟು ಇವನ ಕೈಗೆ 38 ಸ್ಕ್ವಾಡ್ರನ್, ಅಂದರೆ ಕುದುರೆ ಸವಾರರ ತುಕಡಿ, ಕೊಟ್ಟ.

ನಾನು ಬಹಳ ಕಾಲ ಕುದುರೆ ಸವಾರಿ ಕಲಿಸಿದವನು. ಕುದುರೆಯನ್ನು ಓಡಿಸುವುದು ಅಷ್ಟು ಕಷ್ಟವಲ್ಲ. ಪಕ್ಕದ ಕುದುರೆ ನಾಗಾಲೋಟ ಹೊಡೆಯುವಾಗ ನಮ್ಮದನ್ನು ತಡೆದು ನಿಲ್ಲಿಸುವುದೇ ಕಷ್ಟ. ಅದು ಲಗಾಮನ್ನು ಹಲ್ಲಿನಲ್ಲಿ ಕಚ್ಚಿ, ಕತ್ತು ಬಿಗಿದು, ಸವಾರನ ತೋಳನ್ನೇ ಎಳೆದುಕೊಂಡು ಹೋಗುತ್ತದೆ. ಗೆದ್ದ ಉಮೇದಿನಲ್ಲಿ ಸವಾರನೂ ನಿಲ್ಲುವುದಿಲ್ಲ, ಓಡುವವರ ಬೆನ್ನಟ್ಟುತ್ತಾನೆ. ಎಷ್ಟೋ ಅಶ್ವದಳಗಳು ಮೊದಲ ದಾಳಿ ಗೆದ್ದು ಚೆದುರಿಹೋಗಿದ್ದು ಹೀಗೇ ಅಲ್ವಾ?

ಸೈಡ್ಲಿಟ್ಸ್ ಚೆದುರಲು ಬಿಡಲಿಲ್ಲ. ಯಾನುಸ್ ದಿಬ್ಬದ ಮರೆಯಿಂದ ಬಂದು ಶತ್ರುವಿನ ಮುಂಚೂಣಿಯ ಕುದುರೆ ಪಡೆಯನ್ನು ಮುರಿದ. ಆಮೇಲೆ ತನ್ನವರನ್ನು ಟಾಗೆವೆರ್ಬೆನ್ ಬಳಿಯ ತಗ್ಗಿನಲ್ಲಿ ಮತ್ತೆ ಸಾಲುಗೂಡಿಸಿ ಕಾದ. ದೊರೆಯ ತಮ್ಮ ಪ್ರಿನ್ಸ್ ಹೆನ್ರಿಯ ಕಾಲಾಳುಗಳ ಗುಂಡಿಗೆ ಫ್ರೆಂಚರ ಸಾಲು ಅಲುಗಾಡಿದಾಗ ಪಕ್ಕದಿಂದ ನುಗ್ಗಿದ. ಅಲ್ಲಿಗೆ ಕದನ ಮುಗಿಯಿತು. ಪ್ರಷ್ಯಾ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 550. ಎದುರಾಳಿಗಳ ನಷ್ಟ, ಸೆರೆ ಸಿಕ್ಕವರನ್ನೂ ಸೇರಿಸಿದರೆ, ಹತ್ತು ಸಾವಿರದ ಆಸುಪಾಸು. ಸೈಡ್ಲಿಟ್ಸ್‌ಗೂ ಗಾಯವಾಯಿತು. ದೊರೆ ಅವನನ್ನು ಲೆಫ್ಟಿನೆಂಟ್ ಜನರಲ್ ಮಾಡಿ, ಪ್ರಷ್ಯಾದ ಅತ್ಯುನ್ನತ ಗೌರವವಾದ ಕಪ್ಪು ಹದ್ದಿನ ಪದಕ ಕೊಟ್ಟ. ಗೆದ್ದವರು ಯಾರು ಅಂತ ಫ್ರೆಡರಿಕ್‌ಗೇ ಚೆನ್ನಾಗಿ ಗೊತ್ತಿತ್ತು.

ಮರುವರ್ಷ ಆಗಸ್ಟ್ 25ರಂದು ಝೋರ್ನ್‌ಡಾರ್ಫ್‌ನಲ್ಲಿ ರಷ್ಯನ್ನರ ಎದುರು ಇದೇ ತಾಳ್ಮೆ ಇನ್ನೂ ಜಾಸ್ತಿ ಕಾಣುತ್ತದೆ. ಈಗಲೇ ನುಗ್ಗು ಎಂದು ದೊರೆ ಮೇಲಿಂದ ಮೇಲೆ ಹೇಳಿ ಕಳಿಸಿದರೂ ಅವನು ಕದಲಲಿಲ್ಲ. ಯುದ್ಧ ಮುಗಿದ ಮೇಲೆ ನನ್ನ ತಲೆ ದೊರೆಗೆ ಸೇರಿದ್ದು, ಅಲ್ಲಿವರೆಗೆ ಅದನ್ನು ಅವರ ಕೆಲಸಕ್ಕೇ ಬಳಸುತ್ತೇನೆ ಎಂದನಂತೆ. ಹೊತ್ತು ನೋಡಿ ಝಾಬರ್ನ್ ಕಣಿವೆ ದಾಟಿದ. ಸೋಲಿನ ಅಂಚಿಗೆ ಬಂದಿದ್ದ ಪ್ರಷ್ಯಾ ಉಳಿಯಿತು.

ಲೇಖನಮಾಲೆಯ ಮುಂದಿನ ಕಂತಿನಲ್ಲಿ ಝೋರ್ನ್‌ಡಾರ್ಫ್ ಬರುವುದಾದರೆ, ಈ ಸವಾರನಿಗೆ ಒಂದು ಪ್ಯಾರಾವನ್ನಾದರೂ ಕೊಡಬೇಕೆಂದು ಲೇಖಕರಲ್ಲಿ ನನ್ನ ವಿನಂತಿ.

ಇತಿ,
ನಿವೃತ್ತ ಸವಾರಿ ಶಿಕ್ಷಕ, ಮೈಸೂರು