ಮಡಿಕೇರಿ ಶಾಸಕರಿಗೆ: ಬಸ್ ಹೋಗುವ ದಾರೀಲಿ ಮನೆ ಕಟ್ಟಿಸಿ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಸುಂಟಿಕೊಪ್ಪ ಕಡೆಯವಳು. ಮಡಿಕೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಸಂಜೆ ಏಳೂವರೆಗೆ ಶಟರ್ ಎಳೆಯುವಷ್ಟರಲ್ಲಿ ನಮ್ಮ ಒಳರಸ್ತೆಗೆ ಹೋಗುವ ಖಾಸಗಿ ಬಸ್ ಹೊರಟಿರುತ್ತದೆ. ಕುಶಾಲನಗರದ ಬಸ್ ಹತ್ತಿ ಮೇನ್ ರೋಡಲ್ಲಿ ಇಳಿಯಬೇಕು. ಜೋರು ಮಳೆ ಇದ್ದರೆ ಆಟೋದವರೂ ಒಳಗೆ ಬರಲ್ಲ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ತೋಟದೊಳಗೆ ಆನೆ ಕೊಂಬೆ ಮುರಿಯುವ ಸದ್ದು ಬರುತ್ತಾ ಅಂತ ಕಿವಿ. ಕೊನೆಗೆ ಮಗ ಸಾಲ ಮಾಡಿ ಸ್ಕೂಟರ್ ತೆಗೆಸಿಕೊಟ್ಟ. ಬಸ್ಸಿಗೆ ಒಂದು ಟಿಕೆಟ್ ಕಮ್ಮಿ ಆಯ್ತು. ಹೀಗೆ ಒಬ್ಬೊಬ್ಬರೇ ಬಿಟ್ಟರೆ ಇರುವ ಟ್ರಿಪ್ಪೂ ನಿಲ್ಲುತ್ತದೆ, ಅಲ್ವಾ?

ಬಸ್ಸಿನವರನ್ನು ಬೈದು ಏನು ಪ್ರಯೋಜನ? ಮನೆಗಳು ಚದುರಿದ್ದರೆ ಬಸ್ ತುಂಬುವುದಾದರೂ ಹೇಗೆ? 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಚದರ ಕಿಲೋಮೀಟರಿಗೆ 135 ಜನ. ಇಡೀ ರಾಜ್ಯದ್ದು 319. ತೋಟದ ನಾಡು, ಮನೆಗಳು ದೂರ ದೂರ ಇರುವುದು ಸಹಜ. ಆದರೆ ಹೊಸ ಮನೆಗಳೂ ಹಾಗೇ ಏಳುತ್ತಿವೆ. ತೋಟದ ತುಂಡೊಂದು ಭೂಪರಿವರ್ತನೆ ಆಗುತ್ತದೆ, ಜೆಸಿಬಿ ಬಂದು ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯುತ್ತದೆ, ಅಲ್ಲೊಂದು ಮನೆ, ಇಲ್ಲೆರಡು. ಪ್ರತಿ ಮನೆಗೂ ಒಂದು ಮಣ್ಣಿನ ರಸ್ತೆ, ಒಂದು ಕಾರು. 2018ರ ಆಗಸ್ಟಲ್ಲಿ ಇಲ್ಲಿ ಗುಡ್ಡಗಳು ಕುಸಿದಾಗ ಮಳೆ ವಿಪರೀತ ಬಂದದ್ದು ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಅಂತ ಗುಡ್ಡ ಕಡಿದದ್ದೂ ಕುಸಿತಕ್ಕೆ ಕಾರಣ ಅಂತ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೇ ಹೇಳಿದ್ದರು.

ಹಾಗಂತ ಬೆಂಗಳೂರಿನಂಥ ಅಪಾರ್ಟ್‌ಮೆಂಟ್ ಕೇಳುತ್ತಿಲ್ಲ. ಮಡಿಕೇರಿ ಗುಡ್ಡಕ್ಕೆ ಆ ಭಾರ ಬೇಡ. ಮಡಿಕೇರಿ–ಕುಶಾಲನಗರ ರಸ್ತೆಯಲ್ಲಿ ಗಟ್ಟಿ, ಸಮತಟ್ಟು ಜಾಗ ಎಲ್ಲೆಲ್ಲಿದೆಯೋ ಅಲ್ಲಿ, ಬಸ್ ಸ್ಟಾಪಿಗೆ ಹತ್ತು ನಿಮಿಷ ನಡೆಯುವಷ್ಟರಲ್ಲಿ, ಎರಡು ಮೂರು ಮಹಡಿಯ ಒತ್ತೊತ್ತು ಮನೆಗಳಿಗೆ ಬೇಗ ಅನುಮತಿ ಸಿಗಲಿ. ತೋಟದ ಕಾರ್ಮಿಕರ ಲೈನ್‌ಮನೆ ಬಿಟ್ಟು ಬರುವವರಿಗೂ ಅಲ್ಲೇ ಸೈಟ್ ಕೊಡಿ, ಯಾವುದೋ ಗುಡ್ಡದ ತುದಿಯಲ್ಲಲ್ಲ. ಕಾವೇರಿ ದಡ ಮಾತ್ರ ಬೇಡ. ಕುಶಾಲನಗರದ ಬಡಾವಣೆಗಳಿಗೆ 2018, 2019ರಲ್ಲಿ ನೀರು ನುಗ್ಗಿದ್ದು ನಿಮಗೂ ಗೊತ್ತು.

ಮಡಿಕೇರಿ ಟ್ರಾಫಿಕ್ ಅಂದ ತಕ್ಷಣ ಎಲ್ಲರೂ ಪಾರ್ಕಿಂಗ್ ಜಾಗ ಕೇಳುತ್ತಾರೆ. ಅದಕ್ಕೂ ಮತ್ತೆ ಬರೆಯನ್ನೇ ಕಡಿಯಬೇಕು! ಹೆಂಗಸರಿಗೆ ಉಚಿತ ಬಸ್ 2023ರ ಜೂನಲ್ಲಿ ಶುರುವಾಯ್ತು. ಸರ್ಕಾರಿ ಬಸ್ಸೇ ಬಾರದ ನಮ್ಮಂಥವರಿಗೆ ಅದು ಪೇಪರಲ್ಲಿ ಓದುವ ಸುದ್ದಿ.

ಮಾಸ್ಟರ್ ಪ್ಲಾನ್ ಆಗುವಾಗ ಆಗಲಿ. ಅಷ್ಟರಲ್ಲಿ ರಾತ್ರಿ ಎಂಟಕ್ಕೆ ಮಡಿಕೇರಿಯಿಂದ ನಮ್ಮ ಒಳರಸ್ತೆಗೆ ಒಂದು ಸರ್ಕಾರಿ ಬಸ್ ಹಾಕಿಸಿ. ಮೊದಲೆರಡು ತಿಂಗಳು ಖಾಲಿ ಓಡಿದರೂ ನಿಲ್ಲಿಸಬೇಡಿ. ನಾನಂತೂ ಸ್ಕೂಟರ್ ಮನೆಯಲ್ಲೇ ಬಿಟ್ಟು ಬರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದವಳೇ ಒಬ್ಬಳು