ಕತ್ತಿ ನುಂಗುವುದು ಕಣ್ಕಟ್ಟಲ್ಲ

ಮಾನ್ಯ ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಸರ್ಕಸ್ ಮತ್ತು ಬೀದಿ ಪ್ರದರ್ಶನಗಳ ಬಗ್ಗೆ ಬಂದ ಲೇಖನ ಸೊಗಸಾಗಿತ್ತು. ಆದರೆ ಕತ್ತಿ ನುಂಗುವವರನ್ನು ಜಾದೂಗಾರರ ಸಾಲಿಗೆ ಸೇರಿಸಿ, ಅಲಗು ಹಿಡಿಯೊಳಗೆ ಮಡಚಿಕೊಳ್ಳುತ್ತದೆ ಎಂಬರ್ಥದಲ್ಲಿ ಬರೆದಿರುವುದು ಸರಿಯಲ್ಲ. ಇದರಿಂದ ಆ ವಿದ್ಯೆ ಕಲಿತವರಿಗೆ ಅನ್ಯಾಯವಾಗುವುದು ಒಂದು ಕಡೆಯಾದರೆ, ಇದರಲ್ಲಿ ಅಪಾಯವೇನೂ ಇಲ್ಲವೆಂದುಕೊಂಡ ಹುಡುಗನೊಬ್ಬ ಮನೆಯಲ್ಲಿರುವ ಸ್ಟೀಲ್ ಸ್ಕೇಲನ್ನೇ ಗಂಟಲಿಗಿಳಿಸಿ ನೋಡಿಯಾನು ಎಂಬ ಭಯ ಇನ್ನೊಂದು ಕಡೆ.

ನಾನು ಹಲವು ವರ್ಷ ಎಂಡೋಸ್ಕೋಪಿ (ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗನ್ನು ನೋಡುವ ಪರೀಕ್ಷೆ) ಕೊಠಡಿಯಲ್ಲಿ ನರ್ಸ್ ಆಗಿದ್ದವಳು. ಗಂಟಲು ಮರಗಟ್ಟುವಂತೆ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಕಿರುಬೆರಳಿನಷ್ಟು ದಪ್ಪದ, ಬೇಕಾದಂತೆ ಬಾಗುವ ಕೊಳವೆಯನ್ನು ಇಳಿಸುವಾಗಲೂ, "ನುಂಗಿ, ನುಂಗಿ, ಮೂಗಿನಲ್ಲಿ ಉಸಿರಾಡಿ" ಎಂದು ಎಷ್ಟು ಹೇಳಿದರೂ, ಗಟ್ಟಿಮುಟ್ಟಾದ ಗಂಡಸರೇ ಓಕರಿಸುತ್ತ ನನ್ನ ಕೈ ಕಿತ್ತು ಎಳೆಯುತ್ತಿದ್ದರು. ಕತ್ತಿ ನುಂಗುವವನಿಗೆ ಆ ಔಷಧಿಯೂ ಇಲ್ಲ, ಅವನ ಅಲಗು ಬಾಗುವುದೂ ಇಲ್ಲ. ಅವರ ಅಂತರರಾಷ್ಟ್ರೀಯ ಸಂಘದ ಲೆಕ್ಕದಲ್ಲಿ ಕನಿಷ್ಠ 38 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಗಟ್ಟಿ ಉಕ್ಕಿನ ಅಲಗಾದರೆ ಮಾತ್ರ ಅದು ಕತ್ತಿ.

ಹೆಸರು ನುಂಗುವುದೆಂದಿದ್ದರೂ ಅಲ್ಲಿ ನಿಜವಾಗಿ ನಡೆಯುವುದು ನುಂಗದೆ ಇರುವ ಅಭ್ಯಾಸ. ಮೊದಲು ಬೆರಳು, ಆಮೇಲೆ ಚಮಚದ ಹಿಡಿ, ಹೆಣಿಗೆ ಕಡ್ಡಿ, ಬಗ್ಗಿಸಿದ ತಂತಿ ಹೀಗೆ ಒಂದೊಂದನ್ನೇ ಗಂಟಲಿಗೆ ತಾಗಿಸುತ್ತ, ವಾಂತಿ ಬರುವುದು ನಿಲ್ಲುವವರೆಗೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಕಷ್ಟಪಡುತ್ತಾರೆ. ಬಾಯಿಂದ ಅನ್ನನಾಳಕ್ಕಿರುವ ತಿರುವು ನೇರವಾಗಲೆಂದು ತಲೆಯನ್ನು ಹಿಂದಕ್ಕೆ ಪೂರ್ತಿ ಬಾಗಿಸಬೇಕು. ಅನ್ನನಾಳದ ಬಾಯಲ್ಲಿ ಸದಾ ಬಿಗಿದುಕೊಂಡಿರುವ ಸ್ನಾಯುವಿನ ಉಂಗುರವನ್ನು ಬೇಕೆಂದಾಗ ಸಡಿಲಿಸುವುದನ್ನು ಕಲಿಯುವುದು ಎಲ್ಲಕ್ಕಿಂತ ಕಷ್ಟ. ಅಲ್ಲಿಂದ ಮುಂದೆ ಅಲಗು ಹೃದಯದ ಬೆನ್ನಿಗೇ ಹೊಂದಿಕೊಂಡು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಪಕ್ಕದಲ್ಲಿ ಹಾದು ಹೊಟ್ಟೆಗಿಳಿಯುತ್ತದೆ. ಹೆಚ್ಚೆಂದರೆ ಎಂಜಲೋ ಒಂದಿಷ್ಟು ಎಣ್ಣೆಯೋ ಅದಕ್ಕೆ ಜಾರುವಿಕೆ.

ಇದು ಕಣ್ಕಟ್ಟಾಗಿದ್ದರೆ ವೈದ್ಯಶಾಸ್ತ್ರ ಈ ಕಲಾವಿದರಿಗೆ ಇಷ್ಟು ಋಣಿಯಾಗಿರುತ್ತಿರಲಿಲ್ಲ. 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯ 47 ಸೆಂ.ಮೀ. ಉದ್ದದ ನೇರ ಲೋಹದ ಕೊಳವೆಯನ್ನು ಜೀವಂತ ಮನುಷ್ಯನ ಹೊಟ್ಟೆಯವರೆಗೆ ಇಳಿಸಿ ತೋರಿಸಿದ್ದು ಕತ್ತಿ ನುಂಗುವವನೊಬ್ಬನ ನೆರವಿನಿಂದ. 1906ರಲ್ಲಿ ಮ್ಯಾಕ್ಸ್ ಕ್ರೆಮರ್ ಎಂಬ ವಿಜ್ಞಾನಿ ಅನ್ನನಾಳದೊಳಗಿನಿಂದ ಹೃದಯದ ಇಸಿಜಿ ದಾಖಲಿಸಿದ್ದೂ ಅಂಥವನೊಬ್ಬನ ನೆರವಿನಿಂದಲೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಜನರನ್ನು ಬೆರಗುಗೊಳಿಸಿದ, ಕತ್ತಿ ನುಂಗುವ ಕಲಾವಿದ ರಾಮೋ ಸಾಮಿ ನಮ್ಮ ದೇಶದಿಂದಲೇ ಹೋದವನು ಎಂಬುದು ನಿಮ್ಮ ಲೇಖನದಲ್ಲಿ ಒಂದು ಸಾಲಿಗಾದರೂ ಅರ್ಹವಾಗಿತ್ತು.

ಪಳಗಿದವರಿಗೂ ಗಾಯ ತಪ್ಪಿದ್ದಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2006ರಲ್ಲಿ ವೈದ್ಯ ಬ್ರಯಾನ್ ವಿಟ್‌ಕೂಂಬ್ ಮತ್ತು ಸ್ವತಃ ಕತ್ತಿ ನುಂಗುವ ಡ್ಯಾನ್ ಮೇಯರ್ 46 ಮಂದಿ ಕತ್ತಿ ನುಂಗುವವರ ಅನುಭವಗಳನ್ನು ಸಂಗ್ರಹಿಸಿ ಪ್ರಕಟಿಸಿದರು. (ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಅದಕ್ಕೆ ಮರುವರ್ಷ ಸಿಕ್ಕಿತು, ಆದರೆ ಓದುವಾಗ ನನಗೆ ನಗು ಬರಲಿಲ್ಲ.) ಗಮನ ಬೇರೆಡೆ ಹೋದಾಗ, ಹಲವು ಕತ್ತಿಗಳನ್ನು ಒಟ್ಟಿಗೆ ಇಳಿಸಿದಾಗ, ಹಳೆಯ ಗಾಯ ಮಾಯುವ ಮೊದಲೇ ಮತ್ತೆ ಆಟಕ್ಕಿಳಿದಾಗ ದೊಡ್ಡ ಅನಾಹುತಗಳಾಗುತ್ತವೆ ಎಂದು ಅವರು ಬರೆದಿದ್ದಾರೆ. ಒಬ್ಬನ ಹೆಗಲ ಮೇಲಿದ್ದ ಗಿಳಿ ತಂಟೆ ಮಾಡಿದ್ದಕ್ಕೆ ಅನ್ನನಾಳ ಹರಿಯಿತು. ಮೂರು ಅಲಗುಗಳನ್ನು ಒಟ್ಟಿಗೆ ನುಂಗಿ ನಿಂತಿದ್ದ ನರ್ತಕಿಯ ಸೊಂಟಪಟ್ಟಿಗೆ ಪ್ರೇಕ್ಷಕನೊಬ್ಬ ನೋಟು ಸಿಕ್ಕಿಸಲು ಹೋದಾಗ, ಒಳಗಿದ್ದ ಅಲಗುಗಳು ಕತ್ತರಿಯಂತೆ ಆಡಿ ವಿಪರೀತ ರಕ್ತಸ್ರಾವವಾಯಿತು.

ಆದ್ದರಿಂದ ಮುಂದಿನ ಪುರವಣಿಯಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಿ, ಅದರ ಜೊತೆಗೆ ಪೋಷಕರಿಗೆ ಒಂದು ಮಾತನ್ನೂ ಸೇರಿಸಬೇಕೆಂದು ಕೋರುತ್ತೇನೆ. ಗಂಟಲಿಗೆ ಏನನ್ನೋ ತುರುಕಿಕೊಂಡ ಮಕ್ಕಳಿಗೆ ಆಮೇಲೆ ಎದೆನೋವು, ಕುತ್ತಿಗೆಯಲ್ಲಿ ಊತ, ಜ್ವರ ಅಥವಾ ರಕ್ತವಾಂತಿ ಕಂಡರೆ, ಮೀನಿನ ಮುಳ್ಳು ಸಿಕ್ಕಿಕೊಂಡಾಗ ಕೊಡುವ ಹಾಗೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿಸಬಾರದು. ಅನ್ನನಾಳ ತೂತಾಗಿದ್ದರೆ ತಿಂದದ್ದು ಎದೆಗೂಡಿನೊಳಕ್ಕೆ ಸೋರಿ ಕೀವಾಗುತ್ತದೆ. ನೀರನ್ನೂ ಕುಡಿಸದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು.

ಇಂತಿ,
ನಿವೃತ್ತ ಶುಶ್ರೂಷಕಿ, ಶಿವಮೊಗ್ಗ